ಆಟಗಾರರ ರೋಸ್ಟಿನಲ್ಲಿ ನಾನು ಓದದ ಚೀಟಿ

"ಹೊಟ್ಟೆ ಬಗ್ಗೆ ಅನ್ರೀ, ಮಂಡಿ ಬಗ್ಗೆ ಅನ್ರೀ. ಹೆಂಡ್ತಿ ಬಿಟ್ಟೋದ್ಲಲ್ಲ, ಅದನ್ನೂ ಅನ್ರೀ. ನಂದೇನೂ ಅಡ್ಡಿ ಇಲ್ಲ. ಮೆತ್ತಗೆ ಹೊಡೆದ್ರೆ ಮಾತ್ರ ನಂಗೆ ಅವಮಾನ."

ಫೋನಿನಲ್ಲಿ ಹೀಗೆಂದವರು ನಮ್ಮ ಕಡೆಯ ಬಹಳ ಹೆಸರಾದ ಕಬಡ್ಡಿ ಆಟಗಾರರು. ಚಂದ್ರಗುತ್ತಿಯ ಹತ್ತಿರದ ಹಳ್ಳಿಯಿಂದ ಹೊರಟು, ದೇಶಕ್ಕೆ ಆಡಿ, ಟಿ.ವಿ. ಲೀಗಿನಲ್ಲಿ ಆಡಿ, ಎರಡೂ ಮಂಡಿ ಸವೆಸಿಕೊಂಡು ಆಗಷ್ಟೇ ನಿವೃತ್ತರಾಗಿದ್ದರು. ಶಿಕಾರಿಪುರದ ಒಂದು ಕ್ರೀಡಾ ಸಂಘ ಅವರಿಗೆ ಸನ್ಮಾನ ಇಟ್ಟುಕೊಂಡಿತ್ತು. ಸಂಘದ ಅಧ್ಯಕ್ಷರದು ಹಾರ್ಡ್‌ವೇರ್ ಅಂಗಡಿ. ಅವರು ನನ್ನನ್ನು ಅಂಗಡಿಗೇ ಕರೆಸಿದ್ದರು.

"ಶಾಲು, ಪೇಟ, ಹಣ್ಣಿನ ಬುಟ್ಟಿ ಅಂದ್ರೆ ಯಾರೂ ಬರಂಗಿಲ್ಲ ಸರ್. ಮೊಬೈಲ್ನಾಗೆ ರೋಸ್ಟು ಅಂತ ಬರ್ತದಲ್ಲ, ಅದನ್ನ ಮಾಡ್ರಿ. ನಮ್ಮ ಮನೆಯಾಕಿ ರೋಸ್ಟು ಅಂದ್ರೆ ಮಸಾಲೆ ದೋಸೆ ಕೊಡ್ತಾರೆ ಅಂದ್ಕಂಡಾಳೆ. ಅದೂ ಇಡಣ ಬಿಡ್ರಿ."

ದೊಡ್ಡ ಹೆಸರಿನವರನ್ನು ಸಭೆಯ ಎದುರು ಕೂರಿಸಿ, ಅವರ ಒಪ್ಪಿಗೆ ಪಡೆದೇ ಅವರ ಮಾನ ತೆಗೆಯುವುದು ರೋಸ್ಟ್. ಕೊನೆಯಲ್ಲಿ ಅವರಿಗೂ ಮೈಕ್ ಸಿಗುತ್ತದೆ, ಅವರು ತಿರುಗಿ ಹೊಡೆಯುತ್ತಾರೆ. ಹಾಸ್ಯ ಕಾರ್ಯಕ್ರಮ ಕೊಡುವವನಾದ ನಾನು ಇದನ್ನು ಮದುವೆಮನೆಗಳಲ್ಲಿ, ಕಾಲೇಜುಗಳಲ್ಲಿ ಸಣ್ಣದಾಗಿ ಮಾಡಿದ್ದೆ. ಇಷ್ಟು ದೊಡ್ಡ ಹೆಸರು ಕೈಗೆ ಸಿಕ್ಕಿರಲಿಲ್ಲ. ಗಡಿಯೇ ಇಲ್ಲ ಎಂದವರ ಮೇಲೆ ನನಗೆ ಗೌರವ ಮೂಡಿತು. ತನ್ನ ಬಗ್ಗೆ ಗಡಿ ಇಲ್ಲದವರಿಗೆ ಬೇರೆಯವರ ಬಗ್ಗೆಯೂ ಇರಲಾರದು ಎಂದು ಆಗ ಹೊಳೆಯಲಿಲ್ಲ.

ಕೈಯಲ್ಲಿ ಹದಿನೆಂಟು ದಿನ ಇತ್ತು. ಮೊದಲ ವಾರ ನಾನು ಜೋಕು ಬರೆಯುವುದಿಲ್ಲ, ಸಂಗತಿ ಕೂಡಿಹಾಕುತ್ತೇನೆ. ಒಂದು ಚೀಟಿಗೆ ಒಂದೇ ಸಂಗತಿ. ಚೀಟಿಗಳನ್ನು ಮೂರು ಗುಡ್ಡೆ ಮಾಡುತ್ತೇನೆ. ಆ ವ್ಯಕ್ತಿ ತಾನೇ ಹೇಳಿಕೊಂಡು ನಗುವಂಥದ್ದು ಒಂದು. ಬೆನ್ನ ಹಿಂದೆ ಊರು ನಗುವಂಥದ್ದು ಇನ್ನೊಂದು. ಯಾರೂ ಆಡದೆ ಬಿಟ್ಟದ್ದು ಮೂರನೆಯದು. ಮೊದಲನೆಯದರಿಂದ ಜೋಕು ಸಪ್ಪೆಯಾಗುತ್ತದೆ. ಎರಡನೆಯದರಿಂದ ಕಾರ್ಯಕ್ರಮ ಗೆಲ್ಲುತ್ತದೆ. ಮೂರನೆಯ ಗುಡ್ಡೆಗೆ ಕೈ ಹಾಕುವಾಗ ಹೆದರಿಕೆಯಾಗುತ್ತದೆ, ಆದರೆ ಜನ ವರ್ಷಗಟ್ಟಲೆ ನೆನಪಿಡುವುದು ಅದನ್ನೇ. ನಾನು ಸದಾ ಹುಡುಕುತ್ತಿದ್ದದ್ದೂ ಅದನ್ನೇ.

ಎರಡನೆಯ ಗುಡ್ಡೆ ಬೇಗ ತುಂಬಿತು. ಆಟಗಾರರು ಮಂಡಿನೋವಿನ ಎಣ್ಣೆಯ ಜಾಹೀರಾತಿನಲ್ಲಿ ನಟಿಸಿದ ಮರುವರ್ಷವೇ ಮಂಡಿ ಆಪರೇಷನ್ ಮಾಡಿಸಿಕೊಂಡಿದ್ದರು. ಒಂದು ಫೈನಲ್ಲಿನ ಕೊನೆಯ ರೇಡಿನಲ್ಲಿ ಎದುರಾಳಿಯನ್ನು ಮುಟ್ಟುವ ಮೊದಲೇ ಅಂಗಣದ ಅಂಚಿನ ಲಾಬಿಗೆ ಕಾಲಿಟ್ಟು ಔಟಾಗಿದ್ದರು. ಅಷ್ಟು ವರ್ಷ ಊರಿನ ಕಡೆ ತಲೆ ಹಾಕಿರಲಿಲ್ಲ. ಇವನ್ನು ಜೋಕು ಮಾಡಿ ಮಾರುಕಟ್ಟೆ ಪ್ರಾಂಗಣದ ಕ್ಯಾಂಟೀನಿನಲ್ಲಿ ಪರೀಕ್ಷೆ ಮಾಡಿದೆ. ಜೋಕು ಎಂದು ಹೇಳದೆ, ಸುದ್ದಿ ಹೇಳುವ ಹಾಗೆ ಪಕ್ಕದವರಿಗೆ ಹೇಳಬೇಕು. ಲೋಟ ಬಾಯಿಯ ಹತ್ತಿರ ನಿಂತರೆ ಜೋಕು ಪಾಸು. ಪಾಪ ಎಂದರೆ ಚೀಟಿ ಹರಿಯಬೇಕು.

ಮೂರನೆಯ ಗುಡ್ಡೆ ಖಾಲಿ ಇತ್ತು. ಅದಕ್ಕಾಗಿ ಸೊರಬಕ್ಕೆ ಹೋಗಿ, ಆಟಗಾರರಿಗೆ ಹೈಸ್ಕೂಲಿನಲ್ಲಿ ಕಬಡ್ಡಿ ಕಲಿಸಿದ ಪಿ.ಟಿ. ಮೇಷ್ಟ್ರನ್ನು ಹುಡುಕಿದೆ. ನಿವೃತ್ತರಾದರೂ ಕೊರಳಲ್ಲಿ ಸೀಟಿ ಇತ್ತು. ನಾನು ಬಂದ ಕಾರಣ ಕೇಳಿ ಅವರ ಮುಖ ಗಂಟಾಯಿತು.

"ನಿಮಗೆ ಅವನ ಆಟ ಬೇಕಾ, ಬಾಯಿ ಬೇಕಾ?"

"ಎರಡೂ ಬೇಕು ಮೇಷ್ಟ್ರೆ."

"ಆಟ ನಾನು ಹೇಳ್ತೆ. ಬಾಯಿ ಬೇಕಾದ್ರೆ ಗಿರಣಿಗೆ ಹೋಗಿ ಮಾರಾಯ್ರೆ. ಆದ್ರೆ ಅಲ್ಲಿಂದ ಎಂಥಾದ್ರೂ ತಗಂಡು ಬಂದು ಸ್ಟೇಜ್ ಮೇಲೆ ಹಾಕಿದ್ರೆ, ನನ್ ಮನೆ ಬಾಗ್ಲಿಗೆ ಬರಬ್ಯಾಡಿ."

ಹೋಗಬೇಡಿ ಎಂದಿದ್ದರೆ ಬಹುಶಃ ಹೋಗುತ್ತಿರಲಿಲ್ಲ. ಹೀಗೆ ಹೇಳಿದ ಮೇಲೆ ನೇರ ಅಲ್ಲಿಗೇ ನಡೆದೆ.

ಅದು ಸಣ್ಣ ಹಿಟ್ಟಿನ ಗಿರಣಿ. ಒಳಗೆ ಒಬ್ಬರು ಅಕ್ಕಿ ಸುರಿಯುತ್ತಿದ್ದರು, ರೆಪ್ಪೆಯ ಮೇಲೂ ಹಿಟ್ಟು. ಗಿರಣಿಯ ಸದ್ದಿಗೆ ಅಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಹೆಂಗಸರು ಬೆರಳು ತೋರಿಸುತ್ತಿದ್ದರು, ಅವರು ತಲೆ ಅಲ್ಲಾಡಿಸುತ್ತಿದ್ದರು. ಡಬ್ಬಗಳು ಖಾಲಿಯಾದ ಮೇಲೆ ಮೋಟಾರು ನಿಲ್ಲಿಸಿದರು. ಆ ನಿಶ್ಶಬ್ದದಲ್ಲಿ ನಾನು ಆಟಗಾರರ ಹೆಸರು ಹೇಳಿದೆ. ಉತ್ತರ ಕೊಡಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಗಿರಣಿಯವರಿಗೆ ಮಾತು ತಡೆಯುತ್ತದೆ. ಅವರ ಮಾತನ್ನು ನಾನು ಇಲ್ಲಿ ತಡೆಯಿಲ್ಲದೆ ಬರೆಯುತ್ತೇನೆ. ಆಡಿದಾಗ ಅದು ಹಾಗೆ ಬರಲಿಲ್ಲ ಎಂದು ಓದುವವರು ತಿಳಿದುಕೊಂಡರೆ ಸಾಕು.

ಹೆಚ್ಚಿನದನ್ನು ಹೇಳಿದವರು ಅವರ ಹೆಂಡತಿ. ಒಳಗಿನಿಂದ ಚಹಾ ತಂದವರು ನನ್ನ ಮುಖ ನೋಡಿದರು.

"ಒಡಪು ಹೇಳಕ್ಕೆ ಬಾರದ ಮದುಮಗನ ಐಟಂ ಮಾಡೋರು ನೀವೇ ಅಲ್ದಾ?"

ನನ್ನ ಎಲ್ಲ ಕಾರ್ಯಕ್ರಮಗಳಲ್ಲಿ ಅತಿ ಹೆಚ್ಚು ನಗು ತರುವ ಐಟಂ ಅದು. ಮದುವೆಮನೆಯಲ್ಲಿ ಹೆಂಡತಿಯ ಹೆಸರು ಸೇರಿಸಿ ಒಡಪು ಹೇಳು ಎಂದು ಎಲ್ಲರೂ ಪೀಡಿಸುತ್ತಾರೆ, ಮದುಮಗ ತೊದಲುತ್ತಾನೆ. ನಾಲ್ಕು ನಿಮಿಷ. ಎಂದಿನ ಹಾಗೆ ಹಿಗ್ಗಿ "ಹೌದು" ಎಂದುಬಿಟ್ಟೆ. ಎದುರಿಗೆ ಯಾರಿದ್ದಾರೆ ಎಂದು ಆಮೇಲೆ ನೆನಪಾಯಿತು. ಅವರು "ಗೊತ್ತಾತು" ಎಂದಷ್ಟೇ ಹೇಳಿ ಲೋಟ ಇಟ್ಟರು.

ಅವರು ಹೇಳಿದ ಕಥೆ ಇಷ್ಟು. ಗಿರಣಿಯವರೂ ಆಟಗಾರರೂ ಒಂದೇ ಶಾಲೆ, ಒಂದೇ ತಂಡ, ಇಬ್ಬರೂ ರೇಡರ್. ರೇಡಿಗೆ ಹೋದವನು ಉಸಿರು ಬಿಡದೆ ಕಬಡ್ಡಿ ಕಬಡ್ಡಿ ಎನ್ನುತ್ತಿರಬೇಕು, ನಿಂತರೆ ಔಟು. ಎಲ್ಲ ಮಾತಿನಲ್ಲೂ ತಡೆಯುತ್ತಿದ್ದ ಹುಡುಗನಿಗೆ ಆ ಒಂದು ಪದ ಮಾತ್ರ ನೀರಿನ ಹಾಗೆ ಹರಿಯುತ್ತಿತ್ತು. ದಿನವಿಡೀ ಮೈದಾನದಲ್ಲೇ ಇರುತ್ತಿದ್ದದ್ದು ಅದಕ್ಕೇ. ಶಿವಮೊಗ್ಗದಲ್ಲಿ ಆಯ್ಕೆಯ ಪಂದ್ಯ ನಡೆದಾಗ ಇಬ್ಬರನ್ನೂ ಎದುರುಬದುರು ತಂಡದಲ್ಲಿ ಹಾಕಿದರು. ಬೇಕಾಗಿದ್ದದ್ದು ಒಬ್ಬನೇ ರೇಡರ್. ಇವರು ರೇಡಿಗೆ ಹೋದರು. ಮೂಲೆಯಲ್ಲಿ ಬಗ್ಗಿ ನಿಂತಿದ್ದ ಗೆಳೆಯ ಹಿಡಿಯಲು ಬರಲಿಲ್ಲ. ಮುಖಕ್ಕೆ ಮುಖ ಕೊಟ್ಟು ಇವರ ತೊದಲನ್ನು ಅಣಕಿಸಿದ. ಪದ ಅಲ್ಲೇ ನಿಂತಿತು, ಅಂಪೈರ್ ಸೀಟಿ ಊದಿದರು.

"ಆವತ್ತಿಂದ ಇವ್ರಿಗೆ ಆ ಪದಾನೂ ತಡೀತದೆ" ಎಂದರು ಹೆಂಡತಿ. "ಇದನ್ನ ಹೇಳಿ. ಎಲ್ಲರ ಎದುರಿಗೆ ಹೇಳಿ."

"ಬೇಡ" ಎಂದರು ಗಿರಣಿಯವರು. "ಇದನ್ನ ಹೇಳ್ಬೇಕಾದ್ರೆ ನನ್ನ ಹಂಗೆ ಮಾಡಿ ತೋರಿಸ್ಬೇಕು ನೀವು. ಆಗ ಜನ ನಗಾದು ಯಾರಿಗೆ?"

ಹೊರಡುವಾಗ ನಾನು ಎರಡು ಆಹ್ವಾನ ಪತ್ರಿಕೆ ಕೊಟ್ಟೆ. ಯಾಕೆ ಕೊಟ್ಟೆ ಎಂದು ಇವತ್ತೂ ಸರಿಯಾಗಿ ಹೇಳಲಾರೆ. ಅವರು ಪತ್ರಿಕೆಯ ಮೇಲಿನ ಹಿಟ್ಟು ಒರೆಸಿ ಜೇಬಿಗಿಟ್ಟುಕೊಂಡರು. "ಒಂದ್ಸಲ ನೋಡ್ತೆ ಅವನ್ನ" ಎಂದರು.

ಮುಂದಿನ ಎಂಟು ದಿನ ಆ ಒಂದು ಚೀಟಿ ನನ್ನನ್ನು ತಿಂದುಹಾಕಿತು. ಅದು ನನಗೆ ಸಿಕ್ಕ ಅತ್ಯುತ್ತಮ ಸಂಗತಿ. ಆರು ರೀತಿಯಲ್ಲಿ ಬರೆದು ನೋಡಿದೆ. ತೊದಲು ತೋರಿಸದೆ ಹೇಳಿದರೆ ಅದು ದೂರು ಆಗುತ್ತಿತ್ತು, ಸಭೆ ತಣ್ಣಗಾಗುತ್ತಿತ್ತು. ತೋರಿಸಿದರೆ ಬಿದ್ದು ಬಿದ್ದು ನಗುತ್ತಾರೆ, ಆದರೆ ಆಟಗಾರರಿಗೆ ಒಂದು ಗೀರೂ ಬೀಳುವುದಿಲ್ಲ. ಗಿರಣಿಯವರು ಒಂದು ಮಾತಿನಲ್ಲಿ ಹೇಳಿದ್ದನ್ನು ನಾನು ಆರು ಹಾಳೆ ಕೆಡಿಸಿ ಕಲಿತೆ. ಅದನ್ನು ಓದುವುದಿಲ್ಲ ಎಂದು ತೀರ್ಮಾನಿಸಿದೆ. ಹರಿಯಲಿಲ್ಲ. ಮಿಕ್ಕ ಚೀಟಿಗಳ ಅಡಿಯಲ್ಲಿ ಇಟ್ಟುಕೊಂಡೆ.

ಕಾರ್ಯಕ್ರಮ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ. ಸಭಾಭವನ ತುಂಬಿತ್ತು. ಆಟಗಾರರ ಕುರ್ಚಿಯನ್ನು ನಾನೇ ಓರೆಯಾಗಿ ಹಾಕಿಸಿದ್ದೆ. ಜೋಕಿನ ಅರ್ಧ ಇರುವುದು ಪೆಟ್ಟು ತಿನ್ನುವವರ ಮುಖದಲ್ಲಿ, ಅದು ಜನರಿಗೆ ಕಾಣಬೇಕು. ನಾನು ನೋಡುವುದು ಮಾತ್ರ ಕೈಗಳನ್ನು. ಮುಖ ಎಂಥ ಹೊತ್ತಿನಲ್ಲೂ ನಗಬಲ್ಲದು. ಕೈ ಕುರ್ಚಿಯ ಹಿಡಿಯನ್ನು ಬಿಗಿಹಿಡಿದರೆ ಮುಂದಿನ ಜೋಕು ಮೆತ್ತಗಿರಬೇಕು.

ವೇದಿಕೆಯ ಪಕ್ಕದ ಕೋಣೆಯಲ್ಲಿ ಆಟಗಾರರು, ಅಡಿಯದೊಂದನ್ನು ಬಿಟ್ಟು ನಾನು ಕೊಟ್ಟ ಚೀಟಿಗಳನ್ನು ಓದಿ ನಕ್ಕರು. "ಇಷ್ಟೇನಾ? ಡೈವೋರ್ಸಿಂದು ಇನ್ನೂ ಜೋರಾಗಿ ಬೇಕಿತ್ತು."

ನನ್ನ ತಪ್ಪು ನಡೆದದ್ದು ಅಲ್ಲಿ. ಸುಮ್ಮನಿದ್ದರೆ ಮುಗಿಯುತ್ತಿತ್ತು. ನಾನು ಎಂಥ ದೊಡ್ಡದನ್ನು ಕೈಬಿಟ್ಟಿದ್ದೇನೆ ಎಂದು ಒಬ್ಬರಿಗಾದರೂ ಗೊತ್ತಾಗಲಿ ಎನಿಸಿತು.

"ಒಂದನ್ನ ಬೇಕಂತಲೇ ಬಿಟ್ಟಿದ್ದೀನಿ ಸರ್. ಶಿವಮೊಗ್ಗದ ಸೆಲೆಕ್ಷನ್ನಿಂದು."

ಅವರ ಹುಬ್ಬು ಮೇಲೇರಿತು. "ಅಯ್ಯೋ, ಅವ್ನು ಸಿಕ್ಕಿದ್ನಾ? ಹೆಂಗಿದಾನೆ?"

"ಬಂದಿದ್ದಾರೆ. ಎಡಗಡೆ, ಹಿಂದಿನಿಂದ ಮೂರನೇ ಸಾಲು."

"ಬಂದಿದಾನಾ!" ಎಂದು ತೊಡೆ ತಟ್ಟಿದರು.

ನನ್ನ ಇಪ್ಪತ್ತು ನಿಮಿಷ ಎಣ್ಣೆ ಹಾಕಿದ ಹಾಗೆ ಸಾಗಿತು.

"ರೇಡಿಗೆ ಹೋದ್ರೆ ಮೂವತ್ತು ಸೆಕೆಂಡಿಗೆ ವಾಪಸ್ ಬರ್ತಿದ್ರು. ಊರು ಬಿಟ್ಟು ಹೋದವರು ವಾಪಸ್ ಬರೋಕೆ ಇಪ್ಪತ್ತು ವರ್ಷ ಬೇಕಾಯ್ತು. ಅದೂ ಶಾಲು ಹೊದಿಸ್ತೀವಿ ಅಂದ ಮೇಲೆ."

"ಮೊದಲು ಏಳು ಜನ ಸೇರಿದ್ರೂ ಹಿಡಿಯೋಕೆ ಆಗ್ತಿರಲಿಲ್ಲ. ಈಗ ಏಳು ಜನ ಸೇರಿದ್ರೂ ಎತ್ತೋಕೆ ಆಗಲ್ಲ."

"ಲಾಬಿಗೆ ಹೋಗಿ ಔಟಾದ್ರು! ನಮ್ಮ ಶಿಕಾರಿಪುರದಲ್ಲಿ ಲಾಬಿ ಮಾಡಿ ಒಳಗೆ ಬಂದವರನ್ನ ನೋಡಿದ್ದೀವಿ. ಲಾಬಿಗೆ ಹೋಗಿ ಹೊರಗೆ ಬಿದ್ದವರು ಇವರೊಬ್ರೇ."

ಇದಕ್ಕೆ ಮುಂದಿನ ಸಾಲಿನ ಮುಖಂಡರು ಒಬ್ಬರನ್ನೊಬ್ಬರು ನೋಡಿಕೊಂಡು ನಕ್ಕರು. ಡೈವೋರ್ಸಿನದನ್ನೂ ಹಾಕಿದೆ. "ಯಾರ ಕೈಗೂ ಸಿಗದ ರೇಡರ್. ಕೊನೆಗೆ ಹೆಂಡತಿ ಕೈಗೂ ಸಿಗಲಿಲ್ಲ." ಆಟಗಾರರ ಕೈಗಳನ್ನು ನೋಡಿದೆ. ಚಪ್ಪಾಳೆ ತಟ್ಟುತ್ತಿದ್ದವು. ಸಭೆಯೂ ತಟ್ಟಿತು. ಆ ಹೊತ್ತಿಗೆ ಐನೂರು ಜನರನ್ನು ನಾನು ಚೆನ್ನಾಗಿ ಹದ ಮಾಡಿದ್ದೆ. ಯಾರ ಮಾನ ಹೋದರೂ ನಗಬಹುದು ಎಂಬ ಧೈರ್ಯ ಅವರಿಗೆ ಬಂದಿತ್ತು.

ಆಟಗಾರರು ಎದ್ದು ಮೈಕ್ ಹಿಡಿದರು. ಮೊದಲು ನನ್ನ ಬೊಕ್ಕತಲೆಗೆ, ಅಧ್ಯಕ್ಷರ ತುಕ್ಕು ಹಿಡಿದ ಮೊಳೆಗಳಿಗೆ ಒಂದೊಂದು ಕೊಟ್ಟರು. ಆಮೇಲೆ ಕಣ್ಣಿನ ಮೇಲೆ ಕೈ ಇಟ್ಟು ಎಡಗಡೆಯ ಹಿಂದಿನ ಸಾಲುಗಳನ್ನು ಹುಡುಕಿದರು.

"ಇವರು ಎಲ್ಲ ಪಾಯಿಂಟೂ ಹೇಳಿದ್ರು. ನನ್ನ ಮೊದಲನೇ ಪಾಯಿಂಟ್ ಹೇಳ್ಲಿಲ್ಲ. ಅದು ಕೈಯಿಂದ ಬಂದಿದ್ದಲ್ಲ, ಕಾಲಿಂದ ಬಂದಿದ್ದಲ್ಲ. ಬಾಯಿಂದ ಬಂದಿದ್ದು. ಆ ಪಾಯಿಂಟ್ ಕೊಟ್ಟ ನನ್ನ ದೋಸ್ತ್ ಅಲ್ಲೇ ಕೂತಿದಾನೆ, ನೋಡ್ರಿ."

ಎಲ್ಲರೂ ತಿರುಗಿದರು. ಆಟಗಾರರು ಕಥೆ ಹೇಳಿದರು. ಹಾಳಾದ ಮಂಡಿಗಳನ್ನು ಬಗ್ಗಿಸಿ, ಮೂಲೆಯಲ್ಲಿ ಕಾಯುವ ಆಟಗಾರನಂತೆ ನಿಂತು, ಗೆಳೆಯನ ತೊದಲನ್ನು ಮಾಡಿ ತೋರಿಸಿದರು. "ಕ-ಕ-ಕ-ಕ..." ಆಮೇಲೆ ಬಾಯಲ್ಲೇ ಅಂಪೈರಿನ ಸೀಟಿ. ಸಭೆ ಸ್ಫೋಟಿಸಿತು. ಕೆಲಸ ಬಲ್ಲವನಾಗಿ ಹೇಳಬೇಕೆಂದರೆ, ಅದು ನನ್ನ ಇಪ್ಪತ್ತು ನಿಮಿಷದ ಎಲ್ಲ ಜೋಕಿಗಿಂತ ಚೆನ್ನಾಗಿತ್ತು. ನನ್ನ ಬಾಯಿಂದಲೂ ನಗು ಹೊರಟಿತು. ಅದನ್ನು ಮುಚ್ಚಿಟ್ಟು ಈ ಅನುಭವ ಬರೆಯಲು ಬರುವುದಿಲ್ಲ.

ಗಿರಣಿಯವರು ಎದ್ದು ನಿಂತರು. ಹೊರಗೆ ಹೋಗುತ್ತಾರೆ ಎಂದುಕೊಂಡೆ.

"ಇನ್ನೊಂದ್ಸಲ" ಎಂದರು.

ಆ ಒಂದು ಪದ ಎಲ್ಲೂ ತಡೆಯದೆ ಬಂತು. ಇದೂ ಕಾರ್ಯಕ್ರಮದ ಭಾಗ ಎಂದುಕೊಂಡ ಜನ ಇನ್ನೂ ಜೋರಾಗಿ ನಕ್ಕು ಚಪ್ಪಾಳೆ ಹೊಡೆದರು. ಆಟಗಾರರಿಗೂ ಹುರುಪು ಬಂತು. ಮತ್ತೆ ಬಗ್ಗಿ ಮತ್ತೆ ಮಾಡಿದರು. ನಗು ಬಂತು, ಮೊದಲಿನಷ್ಟು ಬರಲಿಲ್ಲ.

"ಇನ್ನೊಂದ್ಸಲ."

ಆಟಗಾರರು ನಗುತ್ತಲೇ ನನ್ನ ಕಡೆ ನೋಡಿದರು. ಮೂರನೆಯ ಸಲ ಮಾಡಿದರು, ಬಗ್ಗದೆ, ಅವಸರದಲ್ಲಿ. ಅಲ್ಲೊಬ್ಬರು ಇಲ್ಲೊಬ್ಬರು ನಕ್ಕು, ತಮ್ಮ ನಗುವನ್ನು ತಾವೇ ಕೇಳಿಸಿಕೊಂಡು ನಿಲ್ಲಿಸಿದರು. ಮುಂದೆ ಮೊಬೈಲುಗಳಲ್ಲಿ ಓಡಾಡಿದ ವಿಡಿಯೋ ತುಣುಕಿನಲ್ಲಿ ಮೊದಲನೆಯ ಸಲದ್ದು ಮಾತ್ರ ಇದೆ. ಉಳಿದದ್ದನ್ನು ಯಾರೋ ಕತ್ತರಿಸಿದ್ದಾರೆ.

"ಮಾಡೋ" ಎಂದರು ಗಿರಣಿಯವರು. "ಇನ್ನೊಂದ್ಸಲ."

ಫ್ಯಾನಿನ ಸದ್ದು ಕೇಳುತ್ತಿತ್ತು. ಅಧ್ಯಕ್ಷರು ನನ್ನ ಕಡೆ ಕೈ ಬೀಸಿ, ಹಾಡು ಹಾಕಿಸಿ ಎಂದು ಸನ್ನೆ ಮಾಡಿದರು. ಸೌಂಡಿನವನ ಬೆರಳು ಬಟನ್ನಿನ ಮೇಲಿತ್ತು, ಅವನೂ ನನ್ನನ್ನೇ ನೋಡುತ್ತಿದ್ದ. ವೇದಿಕೆಯಲ್ಲಿ ಮೌನ ಬಿದ್ದರೆ ತುಂಬುವುದೇ ನನ್ನ ಕೆಲಸ. ನಾನು ಸೌಂಡಿನವನಿಗೆ ಬೇಡ ಎಂದು ಅಂಗೈ ತೋರಿಸಿದೆ.

ಆಟಗಾರರ ಬಾಯಿ ಒಮ್ಮೆ ತೆರೆದು ಮುಚ್ಚಿತು. "ಸಾಕು ಬಿಡೋ ಮಾರಾಯ" ಎಂದದ್ದು ಮೈಕಿನಲ್ಲಿ ಸಣ್ಣದಾಗಿ ಕೇಳಿಸಿತು. ಕೈ ಮೈಕನ್ನು ಬಿಗಿಹಿಡಿದಿತ್ತು. ಅವರು ಮೈಕನ್ನು ಕುರ್ಚಿಯ ಮೇಲಿಟ್ಟರು. ಗಿರಣಿಯವರು ಕೂತುಕೊಂಡರು. ಅವರು ಎದ್ದು ಹೋಗಿದ್ದರೆ ಸಭೆಗೆ ಸುಲಭವಾಗುತ್ತಿತ್ತು. ಅವರು ಕೂತೇ ಇದ್ದರು.

ಅದಾದ ಮೇಲೂ ಸನ್ಮಾನ ನಡೆಯಲೇಬೇಕಿತ್ತು. ಪೇಟ ತೊಡಿಸಿದರು, ಶಾಲು ಹೊದಿಸಿದರು. ನಾನೇ ಬರೆದ ಸನ್ಮಾನ ಪತ್ರವನ್ನು ನಾನೇ ಓದಿದೆ. "ಕೇವಲ ಸ್ವಂತ ಪರಿಶ್ರಮದಿಂದ ಈ ಎತ್ತರಕ್ಕೇರಿದ ತಾವು" ಎಂಬ ಸಾಲು ಬಂದಾಗ ಯಾರೋ ಕೆಮ್ಮಿದರು. ಆ ದಿನದ ಅತ್ಯಂತ ಕ್ರೂರ ಮಾತು ಬಹುಶಃ ಅದೇ. ಅದರಲ್ಲಿ ಜೋಕು ಇರಲಿಲ್ಲ.

ಆಟಗಾರರು ಊಟಕ್ಕೆ ನಿಲ್ಲದೆ ಕಾರು ಹತ್ತಿದರು. ಅಧ್ಯಕ್ಷರು ನನ್ನ ತೋಳು ಹಿಡಿದರು. "ಹಾಡು ಹಾಕ್ಸಿ ಅಂದ್ರೆ ಕೈ ಅಡ್ಡ ಮಾಡ್ತೀರಲ್ರೀ. ಮನುಷ್ಯನ ಜೀವಮಾನ ಹಾಳ್ ಮಾಡಿಬಿಟ್ರಿ." ಯಾರ ಜೀವಮಾನ ಎಂದು ನಾನು ಕೇಳಲಿಲ್ಲ. ಮೇಷ್ಟ್ರಿಗೆ ಸುದ್ದಿ ಸಂಜೆಯೊಳಗೆ ಮುಟ್ಟಿತಂತೆ. ನಾನು ಅವರ ಮನೆಯ ಬಾಗಿಲಿಗೆ ಮತ್ತೆ ಹೋಗಿಲ್ಲ.

ಗಿರಣಿಯವರು ಗಂಡಹೆಂಡತಿ ಬಸ್ ಸ್ಟ್ಯಾಂಡಿಗೆ ಹೊರಟಿದ್ದರು. ಓಡಿ ಹೋಗಿ ಸ್ಟ್ಯಾಂಡಿನಲ್ಲೇ ಹಿಡಿದೆ.

"ನಾನು ಹೇಳಬಾರದು ಅಂತಲೇ ಬಿಟ್ಟಿದ್ದೆ. ಅವರು ಹಾಗೆ ಮಾಡ್ತಾರೆ ಅಂತ..."

"ನಾವು ಬಂದೀವಿ ಅಂತ ಅವ್ರಿಗೆ ಹೇಳಿದ್ದು ಯಾರು?" ಎಂದರು ಹೆಂಡತಿ.

"ನಾನೇ."

ಅವರು ತಲೆಯಾಡಿಸಿದರು. "ನಮ್ಮ ಮದುವೇಲಿ ಹೆಸರು ಹೇಳು ಅಂದಾಗ ಇವ್ರಿಗೆ ತಡೀತು. ಅಲ್ಲಿದ್ದ ಹುಡುಗ್ರೆಲ್ಲ ನಿಮ್ಮ ಮದುಮಗನ ಐಟಂ ಕೂಗಕ್ಕೆ ಶುರು ಮಾಡಿದ್ರು. ಎಲ್ರಿಗೂ ಬಾಯಿಪಾಠ ಇತ್ತು. ಇವತ್ತು ಅವ್ರು ಮೂರು ಸಲ ಮಾಡಿದ್ರು. ನೀವು ಎಷ್ಟು ಸಲ ಮಾಡಿರಬಹುದು?"

ಗಿರಣಿಯವರು ಹೆಂಡತಿಯ ಕೈ ಮುಟ್ಟಿ ಸುಮ್ಮನಾಗಿಸಿದರು. ನನ್ನನ್ನು ನೋಡಿ, "ಮಾಡಿ ತೋರಿಸಿ" ಎಂದರು.

"ಇಲ್ಲೇನಾ?"

"ಇಲ್ಲೇ. ನಾನು ಯಾವತ್ತೂ ಎದುರಿಗೆ ಕೂತು ನೋಡಿಲ್ಲ."

ಮಾಡಿದೆ. ಮಧ್ಯಾಹ್ನದ ಬಿಸಿಲಿನಲ್ಲಿ, ಬಾಳೆಹಣ್ಣಿನ ಗಾಡಿಯ ಪಕ್ಕದಲ್ಲಿ ನಿಂತು, ಮದುಮಗನ ಮೊದಲ ಸಾಲನ್ನು "ಮ-ಮ-ಮ-ಮಲ್ಲಿಗೆ" ಎಂದು ಹೇಳಿದೆ. ಅವರು ಪರೀಕ್ಷೆ ತೆಗೆದುಕೊಳ್ಳುವವರ ಹಾಗೆ ನನ್ನ ಬಾಯಿಯನ್ನೇ ನೋಡಿದರು.

"ತಪ್ಪು" ಎಂದರು. "ಅವನೂ ತಪ್ಪು, ನೀವೂ ತಪ್ಪು. ನಂಗೆ ಹಂಗೆ ಮ-ಮ ಅಂತ ಬರಾದೇ ಇಲ್ಲ. ನಂಗೆ ಪೂರ್ತಿ ನಿಂತೇ ಹೋಗ್ತದೆ. ಸದ್ದೇ ಬರಾದಿಲ್ಲ. ಅದನ್ನ ಮಾಡಿದ್ರೆ ಯಾರೂ ನಗಾದಿಲ್ಲ. ಅದ್ಕೇ ನೀವು ಬೇರೆ ಮಾಡ್ಕಂಡೀರಿ."

ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸು ಬಂದು ನಿಂತಿತು. ಕಂಡಕ್ಟರ್ ಬಾಗಿಲಲ್ಲೇ ನಿಂತು ಅವಸರ ಮಾಡಿದ. "ಎಲ್ಲಿಗ್ರೀ? ಬೇಗ ಹೇಳ್ರಿ, ಎಲ್ಲಿಗೆ?"

ಗಿರಣಿಯವರು ಬಾಯಿ ತೆರೆದರು. ಏನೂ ಬರಲಿಲ್ಲ. ಕತ್ತಿನ ನರ ಎದ್ದಿತು, ಕಣ್ಣು ಒಂದೇ ಕಡೆ ನಿಂತಿತು. ಕಂಡಕ್ಟರ್ ಮತ್ತೆ ಕೇಳಿದ. ಆ ಊರಿನ ಹೆಸರು ನನ್ನ ನಾಲಿಗೆಯ ತುದಿಯಲ್ಲಿತ್ತು. ಅವರ ಹೆಂಡತಿಗೂ ಗೊತ್ತಿತ್ತು. ಅವರು ಹೇಳಲಿಲ್ಲ. ನನ್ನ ತುಟಿ ಅಲುಗಿದ್ದನ್ನು ಕಂಡು ನನ್ನ ಕಡೆ ಬಿರುಸಾಗಿ ನೋಡಿದರು. ಹಿಂದಿನವರು ತಳ್ಳುತ್ತಿದ್ದರು. ನಾನು ಬಾಯಿ ಮುಚ್ಚಿಕೊಂಡು ನಿಂತೆ.

"ಸೊರಬ" ಎಂದರು ಗಿರಣಿಯವರು. "ಎರಡು."